ಕತ್ತಿನವರೆಗೆ ಗುಂಡಿ ಹಾಕಿಕೊಂಡವಳು

ನಮ್ಮ ರಸ್ತೆಗಳಲ್ಲಿ ಓಡಾಡುವ ಬಹುಪಾಲು ಸೈಕಲ್ಲುಗಳಿಗೆ ಬ್ರೇಕು ಹ್ಯಾಂಡಲಿನಲ್ಲಿರುತ್ತದೆ. ಬೆರಳು ಬಿಗಿದರೆ ರಬ್ಬರಿನ ತುಂಡು ಗಾಲಿಯ ರಿಮ್ಮನ್ನು ಕಚ್ಚಿಕೊಳ್ಳುತ್ತದೆ. ಇನ್ನೊಂದು ಬಗೆಯ ಸೈಕಲ್ಲೂ ಉಂಟು. ಅದರ ಬ್ರೇಕು ಹಿಂದಿನ ಗಾಲಿಯ ನಡುವೆ ಅಡಗಿರುತ್ತದೆ. ನಿಲ್ಲಿಸಬೇಕೆಂದರೆ ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಮುಂದಕ್ಕೆ ಒಯ್ಯುವ ಕಾಲೇ ತಡೆಯುವ ಕಾಲೂ ಹೌದು. ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡೆನ್ 1937ರಲ್ಲಿ ಬರೆದ ‘ಮಿಸ್ ಗೀ’ ಎಂಬ ಲಾವಣಿಯ ನಾಯಕಿಯದು ಈ ಎರಡನೆಯ ಬಗೆಯ ಸೈಕಲ್ಲು. ನಾಲ್ಕನೆಯ ಪದ್ಯದಲ್ಲಿ, ಅವಳ ಮಳೆಕೋಟು ಯಾವ ಬಣ್ಣ, ಕೊಡೆ ಯಾವ ಬಣ್ಣ ಎಂದು ಪಟ್ಟಿ ಮಾಡುತ್ತಾ, ಕವಿ ಈ ಬ್ರೇಕನ್ನೂ ಸುಮ್ಮನೆ ಎಂಬಂತೆ ಹೇಳಿ ಮುಂದೆ ಹೋಗುತ್ತಾನೆ. ಅದು ಸುಮ್ಮನೆ ಹೇಳಿದ್ದಲ್ಲ ಎಂದು ಗೊತ್ತಾಗಲು ಇನ್ನೂ ಐದು ಪದ್ಯ ಕಾಯಬೇಕು.

ಕಥೆ ಅಂಗೈಯಗಲದ್ದು. ಎಡಿತ್ ಗೀ ಮದುವೆಯಾಗದ ಹೆಂಗಸು. ಕ್ಲೀವ್ಡನ್ ಟೆರೇಸಿನ 83ನೆಯ ಮನೆಯಲ್ಲಿ ಒಂದೇ ಕೋಣೆ ಹಿಡಿದು ಬದುಕುತ್ತಾಳೆ. ಮಲಗುವುದೂ ಅಲ್ಲೇ, ಕೂರುವುದೂ ಅಲ್ಲೇ. ಎಡಗಣ್ಣು ತುಸು ಮೆಳ್ಳೆ, ತುಟಿ ತೆಳು, ಭುಜ ಇಳಿಬಿದ್ದದ್ದು, ಎದೆ ಚಪ್ಪಟೆ. ಹತ್ತಿರದ ಚರ್ಚಿನ ಮಾರಾಟಮೇಳಕ್ಕೆಂದು ಉಣ್ಣೆ ಹೆಣೆಯುತ್ತಾಳೆ, ಸಂಜೆ ಪ್ರಾರ್ಥನೆಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ, ದಾರಿಯಲ್ಲಿ ಪ್ರೇಮಿಗಳು ಕಂಡರೆ ಮುಖ ತಿರುಗಿಸುತ್ತಾಳೆ. ಒಂದು ರಾತ್ರಿ ವಿಚಿತ್ರ ಕನಸು ಕಾಣುತ್ತಾಳೆ. ಕಾಲ ಕಳೆಯುತ್ತದೆ, ಒಳಗೆಲ್ಲೋ ನೋವು ಶುರುವಾಗುತ್ತದೆ, ಡಾಕ್ಟರ ಬಳಿ ಹೋಗುತ್ತಾಳೆ. ಕ್ಯಾನ್ಸರ್. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಅಲ್ಲಿಂದ ನೇರವಾಗಿ ಅಂಗರಚನಾ ವಿಭಾಗ. ಕೊನೆಯ ಪದ್ಯದಲ್ಲಿ ಆಕೆಯನ್ನು ಮೇಲ್ಛಾವಣಿಗೆ ತೂಗುಹಾಕಿರುತ್ತಾರೆ. ಇಬ್ಬರು ಯುವಕರು ಬಹಳ ಜೋಪಾನವಾಗಿ ಅವಳ ಮೊಣಕಾಲನ್ನು ಬಿಡಿಸುತ್ತಿರುತ್ತಾರೆ.

ಇದು ನಗಿಸುವ ಕವಿತೆ ಎಂದರೆ ನಂಬುವುದು ಕಷ್ಟ, ಆದರೆ ಹೌದು. ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಸರ್ಜನ್ ಆಕೆಯನ್ನು ನಡುವಿಗೆ ಎರಡು ಹೋಳು ಮಾಡಿದ ಎಂಬ ಸಾಲು, ಮಕ್ಕಳ ಪದ್ಯದ ಲಯದಲ್ಲಿ ಕುಣಿಯುತ್ತಾ ಬಂದು, ತಡೆಯಲಾಗದೆ ನಗು ಉಕ್ಕಿಸಿತ್ತು. ಆಮೇಲೆ ಅದೇ ಪದ್ಯದಲ್ಲಿ ಎರಡು ಸಾಲು ಮೇಲೆ ಕಣ್ಣು ಹಾಯಿತು. ಮೇಜಿನ ಮೇಲೆ ಮಲಗಿಸಿದ ಕೂಡಲೇ ವೈದ್ಯ ವಿದ್ಯಾರ್ಥಿಗಳು ನಗತೊಡಗಿದರು ಎಂದಿತ್ತು ಅಲ್ಲಿ. ಅವರು ನನಗಿಂತ ಮೊದಲೇ ನಕ್ಕಿದ್ದರು. ನಾನು ಅವರ ಸಾಲಿನಲ್ಲಿ ಹೋಗಿ ನಿಂತಿದ್ದೆ, ಅಷ್ಟೆ.

ಈ ಬಲೆ ಹೇಗೆ ಹೆಣೆದದ್ದು ಎಂಬುದನ್ನು ಎಳೆ ಎಳೆಯಾಗಿ ನೋಡುವುದು ಲಾಭದ ಕೆಲಸ. ಏಕೆಂದರೆ ‘ಮಿಸ್ ಗೀ’ಯನ್ನು ಎರಡು ರೀತಿಯಲ್ಲಿ ತಪ್ಪಾಗಿ ಓದಲು ಸಾಧ್ಯ, ಎರಡೂ ಬಲು ಸುಲಭ. ಆಸೆಗಳನ್ನು ಅದುಮಿಟ್ಟುಕೊಂಡರೆ ರೋಗ ಬರುತ್ತದೆ ಎಂಬ ನೀತಿಪಾಠ ಇದು ಎನ್ನುವುದು ಒಂದು. ಬಡಪಾಯಿ ಹೆಂಗಸನ್ನು ಗೇಲಿ ಮಾಡುವ ಕ್ರೂರ ಪದ್ಯ ಎಂದು ಮುಚ್ಚಿಡುವುದು ಇನ್ನೊಂದು. ಎರಡಕ್ಕೂ ಕವಿತೆಯಲ್ಲಿ ಆಧಾರವಿದೆ, ಅದೇ ತೊಡಕು.

ಮೊದಲು ಪ್ರಕಾರದ ಮಾತು. ಇಂಗ್ಲಿಷಿನ ಬ್ಯಾಲಡ್ಡನ್ನು ನಾವು ಲಾವಣಿ ಎಂದೂ ಕಥನಗೀತ ಎಂದೂ ಕರೆಯುತ್ತೇವೆ. ಅದರ ಸ್ವಭಾವ ಕನ್ನಡದವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ‘ಕೆರೆಗೆ ಹಾರ’ ಕೇಳಿ ಬೆಳೆದವರಿಗೆ ಗೊತ್ತು: ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಸೊಸೆಯನ್ನು ಬಲಿ ಕೊಡಬೇಕಾಯಿತು. ಹಾಡುವವರು ಎಲ್ಲಿಯೂ ಅಯ್ಯೋ ಎನ್ನುವುದಿಲ್ಲ, ತೀರ್ಪು ಕೊಡುವುದಿಲ್ಲ. ಭಾಗೀರಥಿ ಒಂದೊಂದೇ ಮೆಟ್ಟಿಲು ಏರುತ್ತಾಳೆ, ನೀರು ಪಾದದಿಂದ ಒಂದೊಂದು ಗೇಣು ಮೇಲೇರುತ್ತದೆ. ಸಾಲು ಅದೇ, ಒಂದೆರಡು ಪದ ಮಾತ್ರ ಬದಲು. ಆ ಒಂದೆರಡು ಪದಗಳಲ್ಲಿ ಅವಳು ಮುಳುಗುತ್ತಾಳೆ. ಲಾವಣಿಯ ಶಕ್ತಿ ಈ ತಣ್ಣನೆಯ ದನಿಯಲ್ಲೂ ಬದಲಾಗುತ್ತಾ ಮರಳುವ ಸಾಲಿನಲ್ಲೂ ಇದೆ.

ಆಡೆನ್ ಆ ಎರಡನ್ನೂ ತೆಗೆದುಕೊಂಡ. ನಾಲ್ಕು ಸಾಲಿನ ಪದ್ಯ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಪ್ರಾಸ, ನಿಮಗೊಂದು ಪುಟ್ಟ ಕಥೆ ಹೇಳುತ್ತೇನೆ ಎಂಬ ಆರಂಭ, ಎಲ್ಲಿಯೂ ಮರುಗದ ದನಿ. ಮರಳುವ ಸಾಲು ಯಾವುದು ಗೊತ್ತೇ? ಬಟ್ಟೆಯ ಗುಂಡಿಯದು. ಸಂಜೆ ಪ್ರಾರ್ಥನೆಗೆ ಸೈಕಲ್ಲು ತುಳಿಯುವಾಗ ಬಟ್ಟೆಗೆ ಕತ್ತಿನವರೆಗೆ ಗುಂಡಿ ಹಾಕಿಕೊಂಡಿರುತ್ತಾಳೆ. ನೋವೆಂದು ಡಾಕ್ಟರ ಬಳಿ ಸೈಕಲ್ಲು ತುಳಿಯುವಾಗಲೂ ಗುಂಡಿ ಕತ್ತಿನವರೆಗೆ. ಮೂರನೆಯ ಸಲ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಈಗ ಗುಂಡಿಯಿಲ್ಲ, ಹೊದಿಕೆ ಕತ್ತಿನವರೆಗೆ. ಈ ಮೂರೂ ಸಲ ಕತ್ತು ಎಂಬ ಅರ್ಥದ ‘ನೆಕ್’ ಎಂಬ ಇಂಗ್ಲಿಷ್ ಪದಕ್ಕೆ ಪ್ರಾಸವಾಗಿ ಬರುವುದು ಒಂದೇ ಪದ: ರೆಕ್. ಹಾಳುಬಿದ್ದದ್ದು, ಒಡೆದ ಹಡಗು ಎಂಬ ಅರ್ಥದ್ದು. ಮೊದಲ ಸಲ ಚಳಿಗಾಲ ಮರಗಳನ್ನು ಹಾಳುಗೆಡಹುತ್ತದೆ. ಎರಡನೆಯ ಸಲ ಕಾರ್ನ್‌ವಾಲ್ ಕರಾವಳಿಯಲ್ಲಿ ಒಡೆದು ಬಿದ್ದ ಹಡಗಿನ ಸುತ್ತ ಅಲೆಗಳು ಹೊರಳುವಂತೆ ಹಗಲು ರಾತ್ರಿಗಳು ಅವಳ ಸುತ್ತ ಸರಿದುಹೋಗುತ್ತವೆ. ಮೂರನೆಯ ಸಲ ಹಾಳಾಗಿ ಬಿದ್ದಿರುವುದು ಅವಳೇ. ಮರ, ಹಡಗು, ಹೆಂಗಸು. ಭಾಗೀರಥಿಯ ಸುತ್ತ ನೀರು ಏರಿದಂತೆ ಇಲ್ಲಿ ಬಟ್ಟೆ ಏರುತ್ತದೆ ಎಂದು ಹೇಳಬಹುದಾಗಿತ್ತು. ಆದರೆ ಬಟ್ಟೆ ಮೊದಲಿನಿಂದಲೂ ಕತ್ತಿನವರೆಗೇ ಇದೆ. ಬದಲಾಗುವುದು ಅದರೊಳಗಿನ ದೇಹ.

ದಮನ ಎಂಬ ಪದದ ಅರ್ಥವನ್ನು ಇಲ್ಲಿ ಬಿಡಿಸಿಕೊಳ್ಳಬೇಕು. ಬೇಕೆಂದು ಗೊತ್ತಿದ್ದೂ ಬೇಡವೆಂದು ತಡೆದುಕೊಂಡರೆ ಅದು ಸಂಯಮ. ಬೇಕು ಎಂಬುದೇ ತನಗೆ ತಿಳಿಯದಂತೆ ಮನಸ್ಸಿನ ನೆಲಮಾಳಿಗೆಗೆ ತಳ್ಳಿದರೆ, ಮನೋವಿಶ್ಲೇಷಣೆಯ ಮೂಲಪುರುಷ ಫ್ರಾಯ್ಡ್ ಹೇಳುವ ಅರ್ಥದಲ್ಲಿ, ದಮನ. ಸಂಯಮಿಗೆ ತನ್ನ ಆಸೆಯ ಪರಿಚಯವಿರುತ್ತದೆ. ದಮನಕ್ಕೆ ಒಳಗಾದವರಿಗೆ ಅದು ಕನಸಿನಲ್ಲಿ ಕಾಣಿಸಿಕೊಂಡು ಹೆದರಿಸುತ್ತದೆ.

ಮಿಸ್ ಗೀ ಕಾಣುವ ಕನಸು ಇದು. ಅವಳು ಫ್ರಾನ್ಸಿನ ರಾಣಿಯಾಗಿದ್ದಾಳೆ. ಸಂತ ಅಲೋಷಿಯಸ್ ಚರ್ಚಿನ ಪಾದ್ರಿ, ಮಹಾರಾಣಿಯವರು ತನ್ನೊಡನೆ ನರ್ತಿಸಬೇಕೆಂದು ಬಿನ್ನವಿಸುತ್ತಾನೆ. ಅಷ್ಟರಲ್ಲಿ ಬಿರುಗಾಳಿ ಅರಮನೆಯನ್ನು ಕೆಡವುತ್ತದೆ. ನೋಡಿದರೆ ಅವಳು ಪೈರಿನ ಹೊಲದ ನಡುವೆ ಸೈಕಲ್ಲು ತುಳಿಯುತ್ತಿದ್ದಾಳೆ, ಪಾದ್ರಿಯ ಮುಖದ ಗೂಳಿಯೊಂದು ಕೊಂಬು ಬಗ್ಗಿಸಿ ಅಟ್ಟಿಸಿಕೊಂಡು ಬರುತ್ತಿದೆ. ಅದರ ಬಿಸಿಯುಸಿರು ಬೆನ್ನಿಗೆ ತಾಗುತ್ತಿದೆ. ಸೈಕಲ್ಲು ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ. ಯಾಕೆ? ಆ ಬ್ರೇಕಿನಿಂದಾಗಿ.

ಗೂಳಿಯ ಅರ್ಥ ಹೇಳಲು ಯಾವ ಮನೋವೈದ್ಯನೂ ಬೇಕಿಲ್ಲ; ಅದು ಬೇಕೆಂದೇ ಢಾಳಾಗಿ ಬರೆದದ್ದು, ನಗಲೆಂದೇ ಇಟ್ಟದ್ದು. ನಾನು ನಿಲ್ಲುವುದು ಬ್ರೇಕಿನ ಬಳಿ. ಆ ಬ್ರೇಕು ತಾನಾಗಿ ಹಿಡಿಯುವುದಿಲ್ಲ. ಹಿಂದಕ್ಕೆ ತುಳಿದರೆ ಮಾತ್ರ ಹಿಡಿಯುತ್ತದೆ. ಹಾಗಾದರೆ ಗೂಳಿ ಬೆನ್ನಟ್ಟಿರುವಾಗ ಹಿಂದಕ್ಕೆ ತುಳಿಯುತ್ತಿರುವವರು ಯಾರು? ಅವಳದೇ ಕಾಲುಗಳು. ಜೀವಮಾನವಿಡೀ ಅವಳನ್ನು ತಡೆದು ನಿಲ್ಲಿಸಿದ ಸಾಧನವೇ ಇಲ್ಲಿ, ಒಂದೇ ಒಂದು ಸಲ, ಆಸೆಯ ಕೈಗೆ ಅವಳನ್ನು ಒಪ್ಪಿಸುವ ಸಾಧನವಾಗುತ್ತಿದೆ. ಓಡಿಹೋಗುವುದು, ಸಿಕ್ಕಿಬೀಳಬೇಕೆನ್ನುವುದು ಎರಡೂ ಒಂದೇ ಪೆಡಲಿನಲ್ಲಿವೆ. ಮನೋವಿಶ್ಲೇಷಣೆಯ ಒಂದು ಅಧ್ಯಾಯವನ್ನು ಸೈಕಲ್ ಅಂಗಡಿಯ ಸಾಮಾನಿನಲ್ಲಿ ಹೇಳಿ ಮುಗಿಸಿದ್ದಾನೆ ಕವಿ. ಗೂಳಿ ಅವಳನ್ನು ಮುಟ್ಟಿತೇ ಎಂದು ಹೇಳುವುದಿಲ್ಲ. ಮುಂದಿನ ಪದ್ಯದಲ್ಲಿ ಬೇಸಿಗೆ, ಚಳಿಗಾಲ, ಮರಗಳು.

ಆ ಚರ್ಚಿನ ಹೆಸರೂ ಕಾಕತಾಳೀಯವಲ್ಲ ಎನ್ನಿಸುತ್ತದೆ. ಮಂಗಳೂರಿನವರಿಗೆ ಅಲೋಷಿಯಸ್ ಎಂದರೆ 1880ರಲ್ಲಿ ಶುರುವಾದ ಕಾಲೇಜು, ಅದರ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಮೊಸ್ಕೆನಿ ಬಿಡಿಸಿದ ಚಿತ್ರಗಳು. ಆ ಚಿತ್ರಗಳಲ್ಲಿರುವ ಅಲೋಷಿಯಸ್ ಗೊನ್ಜಾಗಾ ಬಾಲ್ಯದಲ್ಲೇ ಬ್ರಹ್ಮಚರ್ಯದ ವ್ರತ ತೊಟ್ಟವನು, ಹೆಂಗಸರ ಮುಖವನ್ನು ಎತ್ತಿ ನೋಡುತ್ತಿರಲಿಲ್ಲ ಎಂದು ಅವನ ಚರಿತ್ರೆ ಬರೆದವರು ಕೊಂಡಾಡಿದವನು. 1591ರಲ್ಲಿ, ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡಿ, 23ರ ವಯಸ್ಸಿನಲ್ಲಿ ತೀರಿಕೊಂಡ. ಶುದ್ಧಿಗೆ ಹೆಸರಾದ ಸಂತನ ನೆರಳಿನಲ್ಲಿ ಮಿಸ್ ಗೀ ಪ್ರೇಮಿಗಳನ್ನು ಕಂಡು ಮುಖ ತಿರುಗಿಸುತ್ತಾಳೆ.

ಆ ಪ್ರೇಮಿಗಳ ಪದ್ಯದಲ್ಲೊಂದು ಚಿಕ್ಕ ಇರಿತವಿದೆ. ಅವಳು ಅವರನ್ನು ಹಾದುಹೋದಳು, ಮುಖ ತಿರುಗಿಸಿದಳು. ಮತ್ತೊಮ್ಮೆ ಅದೇ ಸಾಲು: ಹಾದುಹೋದಳು. ನಿಲ್ಲು ಎಂದು ಅವರೂ ಕರೆಯಲಿಲ್ಲ. ಮೊದಲ ಎರಡು ಸಾಲಿನಲ್ಲಿ ತಪ್ಪು ಅವಳದು, ಬಿಗುಮಾನ ಅವಳದು. ಕೊನೆಯ ಸಾಲಿನಲ್ಲಿ ಬಾಗಿಲು ಆ ಕಡೆಯಿಂದಲೂ ಮುಚ್ಚಿದೆ. ಅವಳನ್ನು ಯಾರಾದರೂ ಬಾ ಎಂದು ಕರೆದದ್ದು ಇಡೀ ಕವಿತೆಯಲ್ಲಿ ಒಂದೇ ಸಲ, ಅದೂ ಕನಸಿನಲ್ಲಿ, ಅದೂ ಫ್ರಾನ್ಸಿನ ರಾಣಿಯೆಂದು. ಆ ದೇಶದಲ್ಲಿ ರಾಣಿಯರ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು.

ಒಂಟಿತನವನ್ನು ಅವಳ ಸ್ವಭಾವದ ಲೆಕ್ಕಕ್ಕೆ ಬರೆದುಬಿಡುವವರಿಗೆ ಕವಿತೆ ಎರಡು ಅಂಕಿ ಕೊಡುತ್ತದೆ: 83 ಮತ್ತು 100. ಮನೆಯ ನಂಬರು, ವರ್ಷದ ವರಮಾನ. ನೂರು ಪೌಂಡು ಎಂದರೆ ವಾರಕ್ಕೆ ಎರಡು ಪೌಂಡಿಗೂ ಕಡಿಮೆ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ, ಹೆಂಗಸು ಬರೆಯಬೇಕಾದರೆ ತನ್ನದೇ ಒಂದು ಕೋಣೆ, ವರ್ಷಕ್ಕೆ ಐನೂರು ಪೌಂಡು ಇರಬೇಕು ಎಂದಿದ್ದಳು. ಮಿಸ್ ಗೀಗೆ ಕೋಣೆ ಇದೆ. ದುಡ್ಡು ಐದರಲ್ಲೊಂದು ಪಾಲು. ಆ ಕೋಣೆಯಲ್ಲಿ ಅವಳು ಮಾಡುವುದು ಉಣ್ಣೆ ಹೆಣಿಗೆ, ಅದೂ ಚರ್ಚಿಗೆ. ಮೊದಲ ಮಹಾಯುದ್ಧದ ನಂತರ, 1921ರ ಜನಗಣತಿಯಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆ ಸುಮಾರು 17 ಲಕ್ಷ ಹೆಚ್ಚಿತ್ತು. ಪತ್ರಿಕೆಗಳು ಅವರನ್ನು ಹೆಚ್ಚುವರಿ ಹೆಂಗಸರು ಎಂದು ಕರೆದವು, ಗೋದಾಮಿನಲ್ಲಿ ಉಳಿದುಹೋದ ಸರಕಿನಂತೆ. ಮಿಸ್ ಗೀಯ ವಯಸ್ಸನ್ನು ಕವಿ ಹೇಳುವುದಿಲ್ಲ. ಆದರೆ 1937ರಲ್ಲಿ ಓದಿದವರಿಗೆ ಆ ಪದ ನೆನಪಾಗದೆ ಇರುತ್ತಿರಲಿಲ್ಲ. ಎಳೆಯ ಕಾಲದಲ್ಲಿ ಮದುವೆಯಾಗಬಹುದಾಗಿದ್ದ ಹುಡುಗ ಎಲ್ಲೋ ಆ ಯುದ್ಧದ ರಣರಂಗವಾದ ಫ್ಲಾಂಡರ್ಸ್‌ನ ಮಣ್ಣಿನಲ್ಲಿದ್ದರೆ, ಅದಕ್ಕೆ ದಮನ ಎಂಬ ಹೆಸರು ಸಾಲದು.

ಪ್ರಾರ್ಥನೆಯ ಪದ್ಯ ನನಗೆ ಈ ಕವಿತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಪಕ್ಕದ ಸಾಲಿನಲ್ಲಿ, ನಡುವಿನಲ್ಲಲ್ಲ, ಮೊಣಕಾಲೂರಿ ಅವಳು ಕೇಳಿಕೊಳ್ಳುತ್ತಾಳೆ. ಕ್ರೈಸ್ತರೆಲ್ಲರೂ ಹೇಳುವ ಪ್ರಾರ್ಥನೆಯಲ್ಲಿ ‘ನಮ್ಮನ್ನು’ ಶೋಧನೆಗೆ, ಅಂದರೆ ಪ್ರಲೋಭನೆಗೆ, ಒಳಪಡಿಸಬೇಡ, ಕೇಡಿನಿಂದ ತಪ್ಪಿಸು ಎಂದಿದೆ. ಮಿಸ್ ಗೀಯ ಬಾಯಲ್ಲಿ ಅದು ‘ನನ್ನನ್ನು’ ಎಂದಾಗುತ್ತದೆ. ನೂರಾರು ಜನ ಒಟ್ಟಿಗೆ ಹೇಳುವ ಪ್ರಾರ್ಥನೆಯಿಂದ ಬಹುವಚನ ಉದುರಿಹೋಗಿದೆ. ಕೇಡಿನಿಂದ ತಪ್ಪಿಸು ಎಂಬುದರ ಜಾಗದಲ್ಲಿ, ನನ್ನನ್ನು ಒಳ್ಳೆಯ ಹುಡುಗಿಯಾಗಿ ಮಾಡು, ದಯವಿಟ್ಟು, ಎಂಬ ಮಗುವಿನ ಮಾತು ಬಂದು ಕೂತಿದೆ. ಸುತ್ತ ಆರ್ಗನ್ನಿನ ನಾದ, ಇಂಪಾದ ಸಂಜೆಯ ಹಾಡು. ಆಡೆನ್ ಇಲ್ಲಿ ವ್ಯಂಗ್ಯ ಮಾಡಲಿಲ್ಲ. ಅವನ ತಾಯಿ ಇಂಥದೇ ಧೂಪ ದೀಪಗಳ ಆಂಗ್ಲಿಕನ್ ಭಕ್ತೆ. ಅವನು ಆಗ ನಂಬಿಕೆ ಕಳೆದುಕೊಂಡಿದ್ದ. ಈ ಲಾವಣಿಗೆ ಕೆಲವೇ ವಾರ ಮುಂಚೆ ಅಂತರ್ಯುದ್ಧದ ಸ್ಪೇನಿಗೆ ಹೋಗಿದ್ದಾಗ, ಮುಚ್ಚಿದ ಚರ್ಚುಗಳನ್ನು ಕಂಡು ತನಗೇ ಅಚ್ಚರಿಯಾಗುವಷ್ಟು ಕಳವಳಪಟ್ಟೆ ಎಂದು ಮುಂದೆ ಬರೆದುಕೊಂಡ.

ಇನ್ನು ಡಾಕ್ಟರ್ ಥಾಮಸ್. ಅವಳನ್ನು ಪರೀಕ್ಷಿಸಿ, ಇನ್ನಷ್ಟು ಪರೀಕ್ಷಿಸಿ, ಕೈ ತೊಳೆಯುವ ಬೇಸಿನ್ನಿನ ಕಡೆ ನಡೆದು, ಮುಂಚೆಯೇ ಯಾಕೆ ಬರಲಿಲ್ಲ ಎಂದು ಕೇಳುತ್ತಾನೆ. ಅವಳ ಉತ್ತರವನ್ನು ಕವಿತೆ ಕೊಡುವುದಿಲ್ಲ. ಡಾಕ್ಟರ ಬಾಗಿಲ ಗಂಟೆ ಬಾರಿಸಿ ನೋವಿದೆ ಎಂದದ್ದೇ ಅವಳ ಕೊನೆಯ ಮಾತು. ಆಮೇಲೆ ಉಳಿದವರೆಲ್ಲ ಅವಳ ಬಗ್ಗೆ ಮಾತಾಡುತ್ತಾರೆ, ಅವಳೊಡನೆ ಅಲ್ಲ. ದೃಶ್ಯ ಡಾಕ್ಟರ ಊಟದ ಮೇಜಿಗೆ ಜಿಗಿಯುತ್ತದೆ. ಅವನು ಬ್ರೆಡ್ಡನ್ನು ಬೆರಳಲ್ಲಿ ಹೊಸೆದು ಗುಳಿಗೆಯಂತೆ ಉಂಡೆ ಕಟ್ಟುತ್ತಾ, ಕ್ಯಾನ್ಸರ್ ಎನ್ನುವುದೊಂದು ಫನ್ನಿ ವಿಷಯ ಎನ್ನುತ್ತಾನೆ. ಇಂಗ್ಲಿಷಿನ ಆ ಒಂದು ಪದಕ್ಕೆ ವಿಚಿತ್ರ ಎಂಬ ಅರ್ಥವೂ ಇದೆ, ತಮಾಷೆ ಎಂಬ ಅರ್ಥವೂ ಇದೆ. ಕನ್ನಡಕ್ಕೆ ತರುವವರು ಇಲ್ಲಿ ಬೆವರಬೇಕು, ಎರಡರಲ್ಲಿ ಒಂದನ್ನು ಬಿಟ್ಟರೆ ಇಡೀ ಕವಿತೆಯ ರುಚಿ ಕೆಡುತ್ತದೆ.

ಕಾರಣ ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎನ್ನುವವರು ನಟಿಸುತ್ತಾರೆ, ಎಂದು ಮೊದಲು ಹೇಳುತ್ತಾನೆ. ಅದರ ಮರುಪದ್ಯದಲ್ಲೇ ತಾನೂ ನಟಿಸುತ್ತಾನೆ: ಮಕ್ಕಳಿಲ್ಲದ ಹೆಂಗಸರಿಗೆ ಬರುತ್ತದೆ, ನಿವೃತ್ತರಾದ ಗಂಡಸರಿಗೆ ಬರುತ್ತದೆ, ಸೃಷ್ಟಿಸುವ ಬೆಂಕಿಗೆ ದಾರಿ ಸಿಗದಿದ್ದಾಗ ಅದು ಹೀಗೆ ಹೊರಬರುತ್ತದೇನೋ. ಈ ಮಾತು ಆಡೆನ್ನನ ಸ್ವಂತ ಗಂಟಿನಿಂದ ಬಂದದ್ದು. ಅವನ ತಂದೆ ವೈದ್ಯ, ಮನಶ್ಶಾಸ್ತ್ರದಲ್ಲಿ ಆಸಕ್ತ. ಇಪ್ಪತ್ತೊಂದರ ಪ್ರಾಯದಲ್ಲಿ ಆಡೆನ್ ಬರ್ಲಿನ್ನಿಗೆ ಹೋದಾಗ ಜಾನ್ ಲೇಯರ್ಡ್ ಎಂಬ ಮಾನವಶಾಸ್ತ್ರಜ್ಞನ ಮೂಲಕ ಹೋಮರ್ ಲೇನ್ ಎಂಬ ಅಮೆರಿಕನ್ ಶಿಕ್ಷಣ ಸುಧಾರಕನ ವಿಚಾರಗಳು ಅವನಿಗೆ ಅಂಟಿಕೊಂಡವು. ಆಸೆಯನ್ನು ಅದುಮಿದ್ದೇ ರೋಗವಾಗುತ್ತದೆ ಎಂಬ ವಾದ ಅದು. ಬಾಡೆನ್-ಬಾಡೆನ್ನಿನ ವೈದ್ಯ ಗೇಯಾರ್ಗ್ ಗ್ರೋಡೆಕ್‌ನ ಬರಹಗಳಿಂದಲೂ ಅದಕ್ಕೆ ಗೊಬ್ಬರ ಸಿಕ್ಕಿತು. ಗೆಳೆಯ ಇಷರ್‌ವುಡ್‌ಗೆ ಗಂಟಲು ನೋವು ಬಂದರೆ, ನೀನು ಸುಳ್ಳು ಹೇಳಿದ್ದಕ್ಕೆ ಬಂದದ್ದು ಎಂದು ರೋಗನಿರ್ಣಯ ಮಾಡುವಷ್ಟು ಹುರುಪು ಆಗ.

ವಿಜ್ಞಾನ ಏನು ಹೇಳುತ್ತದೆ? ಮಕ್ಕಳಿಲ್ಲದ ಹೆಂಗಸರ ಬಗ್ಗೆ ಡಾಕ್ಟರ್ ಹೇಳಿದ್ದರಲ್ಲಿ ಒಂದು ಹನಿ ನಿಜವಿದೆ, ಅದರ ವಿವರಣೆ ಪೂರ್ತಿ ಸುಳ್ಳು. ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂದು ಇಟಲಿಯ ವೈದ್ಯ ರಮಾಟ್ಸೀನಿ 18ನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದ. ಈ ಲಾವಣಿಗೆ 11 ವರ್ಷ ಮೊದಲು, 1926ರಲ್ಲಿ, ಬ್ರಿಟನ್ನಿನ ವೈದ್ಯೆ ಜ್ಯಾನೆಟ್ ಲೇನ್-ಕ್ಲೇಪನ್ ಸ್ತನ ಕ್ಯಾನ್ಸರ್ ಇದ್ದ 500 ಹೆಂಗಸರನ್ನು ಇಲ್ಲದ 500 ಹೆಂಗಸರೊಡನೆ ಹೋಲಿಸಿ, ಹೆರಿಗೆ ಮತ್ತು ಮೊಲೆಯೂಡಿಸುವಿಕೆಗೂ ಈ ರೋಗಕ್ಕೂ ನಂಟಿರುವುದನ್ನು ತೋರಿಸಿದ್ದಳು. ಗರ್ಭ ಧರಿಸುವುದು, ಹಾಲೂಡಿಸುವುದು ಸ್ತನದ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತವೆ. ಇದು ಹಾರ್ಮೋನುಗಳ ಮತ್ತು ಜೀವಕೋಶಗಳ ವ್ಯವಹಾರ. ತಣಿಯದ ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ. ತಮಾಷೆಯೆಂದರೆ ಮಿಸ್ ಗೀಗೆ ಬಂದದ್ದು ಇವೆರಡೂ ಅಲ್ಲ. ಸರ್ಜನ್ ಹೇಳುವಂತೆ ಅದು ಸಾರ್ಕೋಮಾ, ಮೂಳೆ, ಸ್ನಾಯು, ಕೊಬ್ಬಿನಂಥ ಅಂಗಾಂಶಗಳಲ್ಲಿ ಹುಟ್ಟುವ ವಿರಳ ಬಗೆ. ಆಡೆನ್ ವೈದ್ಯನ ಮಗ. ಬೇಕೆಂದೇ ಮಾಡಿದನೋ ಲಯಕ್ಕೆ ಬಿದ್ದನೋ, ಡಾಕ್ಟರ ಸಿದ್ಧಾಂತ ಅವಳ ರೋಗಕ್ಕೆ ಹೊಂದುವುದೇ ಇಲ್ಲ.

ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ತಾನೇ ಸ್ತನ ಕ್ಯಾನ್ಸರಿನಿಂದ ಬಳಲಿದ ಮೇಲೆ 1978ರಲ್ಲಿ ಬರೆದ ‘ಇಲ್‌ನೆಸ್ ಆ್ಯಸ್ ಮೆಟಫರ್’ ಎಂಬ ಪುಸ್ತಕದಲ್ಲಿ ಈ ಕವಿತೆಯನ್ನು ಎತ್ತಿಕೊಂಡಳು. ಅದುಮಿಟ್ಟ ಮನಸ್ಸಿನಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದು ರೋಗಿಯ ತಲೆಗೇ ತಪ್ಪನ್ನು ಕಟ್ಟುವ ಕೆಲಸ ಎಂಬುದು ಅವಳ ವಾದ. ನಮ್ಮಲ್ಲಿಯೂ ಕೊರಗಿ ಕೊರಗಿ ಕಾಯಿಲೆ ತಂದುಕೊಂಡಳು ಎನ್ನುವ ಮಾತು ಮನೆ ಮನೆಯಲ್ಲಿದೆ, ಹೇಳುವವರ ದನಿಯಲ್ಲಿ ಕನಿಕರವೇ ಇರುತ್ತದೆ. ಕೇಳಿಸಿಕೊಳ್ಳುವ ರೋಗಿಗೆ ಅದು ಆರೋಪಪಟ್ಟಿ. ಸೊಂಟಾಗ್ ಹೇಳಿದ್ದು ಸರಿ. ಆದರೆ ಆ ಸಿದ್ಧಾಂತವನ್ನು ಕವಿತೆ ಯಾರ ಬಾಯಲ್ಲಿ ಇಟ್ಟಿದೆ ಎಂಬುದನ್ನೂ ನೋಡಬೇಕು. ಊಟ ಮಾಡುತ್ತಿರುವ, ಆಳನ್ನು ಕರೆಯಲು ಗಂಟೆ ಬಾರಿಸಲು ಕಾದಿರುವ ಹೆಂಡತಿಯಿರುವ, ತನ್ನ ರೋಗಿಗೆ ಆಯುಸ್ಸು ಮುಗಿಯಿತು ಎಂದು ಊಟದ ನಡುವೆ ಹೇಳುವ ಗಂಡಸಿನ ಬಾಯಲ್ಲಿ. ಆ ಹೆಂಡತಿ ಅಂಥ ಮಾತು ಬೇಡ ಎನ್ನುತ್ತಾಳೆ, ಕನಿಕರಕ್ಕಲ್ಲ, ಊಟ ಕೆಡುತ್ತದೆಂದು. ಆಡೆನ್ ಆ ಸಿದ್ಧಾಂತವನ್ನು ಅರ್ಧ ನಂಬಿದ್ದ, ಅರ್ಧ ಅದರ ಕಾಲೆಳೆಯುತ್ತಿದ್ದ ಎಂದು ನನ್ನ ಅಂದಾಜು. ಅರ್ಧ ನಂಬಿದ್ದಕ್ಕೆ ಅವನನ್ನು ದೂರಬಹುದು. ಕವಿತೆ ಮಾತ್ರ ಆ ನಂಬಿಕೆ ಕುಸಿದ ಮೇಲೂ ನಿಂತಿದೆ.

ಆಸ್ಪತ್ರೆಯ ಪದ್ಯಗಳಲ್ಲಿ ಒಂದು ವಿಷಯ ಕಾಣೆಯಾಗಿದೆ: ಸಾವು. ಮೇಜಿನ ಮೇಲೆ ಮಲಗಿಸಿದರು, ಕೊಯ್ದರು, ಇಷ್ಟು ಬೆಳೆದ ಗೆಡ್ಡೆ ಅಪರೂಪ ಎಂದು ಸರ್ಜನ್ ಮೆಚ್ಚಿಕೊಂಡ, ಮೇಜಿನಿಂದ ಇಳಿಸಿದರು, ತಳ್ಳುಗಾಡಿಯಲ್ಲಿ ಇನ್ನೊಂದು ವಿಭಾಗಕ್ಕೆ ಸಾಗಿಸಿದರು. ಅವಳು ಯಾವ ಸಾಲಿನಲ್ಲಿ ಸತ್ತಳು? ಹುಡುಕಿದರೆ ಸಿಗುವುದಿಲ್ಲ. ಶವಸಂಸ್ಕಾರವಿಲ್ಲ, ಅಷ್ಟು ಉಣ್ಣೆ ಹೆಣೆಸಿಕೊಂಡ ಚರ್ಚು ಅಷ್ಟು ಹತ್ತಿರದಲ್ಲಿದ್ದೂ ಪಾದ್ರಿ ಬರುವುದಿಲ್ಲ. ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಬ್ರಿಟನ್ನಿನ 1832ರ ಅನಾಟಮಿ ಕಾಯಿದೆ, ಆಸ್ಪತ್ರೆಯಲ್ಲಿ ಸತ್ತವರ ದೇಹವನ್ನು ಕೇಳಿಕೊಂಡು ಯಾರೂ ಬರದಿದ್ದರೆ ವೈದ್ಯಶಾಲೆಗೆ ಕೊಡಬಹುದು ಎಂದು ವಿಧಿಸಿತು. ನಮ್ಮ ರಾಜ್ಯದಲ್ಲೂ 1957ರ ಅನಾಟಮಿ ಕಾಯಿದೆ ವಾರಸುದಾರರಿಲ್ಲದ ದೇಹಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸಲು ದಾರಿ ಮಾಡುತ್ತದೆ. ಅಂಗರಚನಾ ವಿಭಾಗಕ್ಕೆ ಹೋದಳು ಎಂಬ ಒಂದು ಸಾಲಿನ ಅರ್ಥ, ಕೇಳಿಕೊಂಡು ಯಾರೂ ಬರಲಿಲ್ಲ ಎಂದು.

ಪ್ರಾಸವನ್ನು ಗಮನಿಸಿ. ಕವಿತೆಯ ಮೊದಲ ಪದ್ಯದಲ್ಲಿ ‘ಗೀ’ ಎಂಬ ಹೆಸರಿಗೆ ಪ್ರಾಸ ಮನೆಯ ನಂಬರಿನ ಕೊನೆಯ ‘ತ್ರೀ’. ಕೊನೆಯಲ್ಲಿ ಅದೇ ಹೆಸರಿಗೆ ಪ್ರಾಸ ‘ಅನಾಟಮಿ’, ಆಮೇಲೆ ಮೊಣಕಾಲಿನ ‘ನೀ’. ವಿಳಾಸದಿಂದ ಶುರುವಾದವಳು ಅಂಗವಾಗಿ ಮುಗಿಯುತ್ತಾಳೆ. ಅವಳು ದೇವರ ಮುಂದೆ ಊರಿದ್ದು ಅದೇ ಮೊಣಕಾಲು. ಅವಳ ಪ್ರಾರ್ಥನೆಯ ಕೊನೆಗೆ ಬಂದ ‘ದಯವಿಟ್ಟು’ ಎಂಬ ಪದವೇ ಸರ್ಜನ್ನನ ಬಾಯಲ್ಲಿ ಮರಳುತ್ತದೆ, ವಿದ್ಯಾರ್ಥಿಗಳನ್ನು ಗೆಡ್ಡೆ ನೋಡಲು ಕರೆಯುವ ಸೌಜನ್ಯವಾಗಿ. ಮೊಣಕಾಲನ್ನು ಬಿಡಿಸುವ ಇಬ್ಬರು ಯಾರು? ಆಕ್ಸ್‌ಫರ್ಡ್ ಗ್ರೂಪಿನವರು. ಅಮೆರಿಕದ ಪಾದ್ರಿ ಫ್ರಾಂಕ್ ಬುಕ್‌ಮನ್ ಕಟ್ಟಿದ ಧಾರ್ಮಿಕ ಚಳವಳಿ ಅದು. ಪರಿಪೂರ್ಣ ಪ್ರಾಮಾಣಿಕತೆ, ಪರಿಪೂರ್ಣ ಶುದ್ಧಿ, ನಿಸ್ವಾರ್ಥ, ಪ್ರೀತಿ ಎಂಬ ನಾಲ್ಕು ಸೂತ್ರಗಳು, ಗುಂಪಿನಲ್ಲಿ ಕುಳಿತು ಪಾಪಗಳನ್ನು ಹೇಳಿಕೊಳ್ಳುವ ರೂಢಿ. 1938ರಲ್ಲಿ ಅದು ಮಾರಲ್ ರಿ-ಆರ್ಮಮೆಂಟ್ ಎಂಬ ಹೆಸರು ತೊಟ್ಟಿತು. ಪಂಚಗಣಿಯಲ್ಲಿ ಅದರ ಕೇಂದ್ರ ಕಂಡವರು ನಮ್ಮಲ್ಲೂ ಇದ್ದಾರೆ. ಪರಿಪೂರ್ಣ ಶುದ್ಧಿಯನ್ನು ಬದುಕಿ ತೋರಿಸಿದ ಹೆಂಗಸು ಅವರ ಕೈಗೆ ಸಿಕ್ಕಿದ್ದು ಹೀಗೆ.

ಕನ್ನಡದಲ್ಲಿ ಇದರ ಪಕ್ಕ ಇಟ್ಟು ಓದಬೇಕಾದ ಪದ್ಯವೊಂದಿದೆ. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತೆಗಳು’ ಸಂಕಲನದಲ್ಲಿ ಥಾಮಸ್ ಹುಡ್‌ನ ಕವಿತೆಯೊಂದನ್ನು ‘ದುಃಖಸೇತು’ ಎಂದು ತಂದಿದ್ದಾರೆ. ಅಲ್ಲಿಯೂ ದಿಕ್ಕಿಲ್ಲದ ಹೆಂಗಸಿನ ಹೆಣ, ನದಿಯಿಂದ ಎತ್ತಿದ್ದು. ಆದರೆ ಮೆಲ್ಲಗೆ ಎತ್ತಿ, ನವಿರಾಗಿ ಹಿಡಿಯಿರಿ ಎಂದು ಕವಿ ಕೈಮುಗಿಯುತ್ತಾನೆ. ಓದುಗ ಅತ್ತು ಹಗುರಾಗುತ್ತಾನೆ. ಆಡೆನ್ ಆ ಸೌಕರ್ಯವನ್ನು ಕೊಡುವುದಿಲ್ಲ. ಅಲ್ಲಿ ನವಿರು ಸಿಗುವುದು ಒಂದೇ ಕಡೆ, ಕೊನೆಯ ಪದ್ಯದಲ್ಲಿ, ಆ ಇಬ್ಬರು ಜೋಪಾನವಾಗಿ ಕೊಯ್ಯುವಾಗ. ಬದುಕಿದ್ದಾಗ ಅವಳನ್ನು ಯಾರೂ ಅಷ್ಟು ಜೋಪಾನವಾಗಿ ಮುಟ್ಟಿರಲಿಲ್ಲ.

ಹಾಗಾದರೆ ಕವಿ ಕ್ರೂರಿಯೇ? ಮೊದಲ ಎರಡು ಪದ್ಯಗಳ ಮಟ್ಟಿಗೆ ಹೌದು ಎನ್ನುತ್ತೇನೆ. ಮೆಳ್ಳೆಗಣ್ಣು, ಚಪ್ಪಟೆ ಎದೆ ಇತ್ಯಾದಿ ಹಾಸ್ಯ ಇಪ್ಪತ್ತರ ಹರೆಯದ ಗಂಡು ಹುಡುಗರ ಹಾಸ್ಯ. ಆಡೆನ್ನನಿಗೆ ಆಗ ಮೂವತ್ತು. ಸಮಜಾಯಿಷಿ ಬೇಡ. ಆದರೆ ಕವಿತೆಯ ಜೊತೆ ಅವನೊಂದು ಸೂಚನೆಯನ್ನೂ ಕೊಟ್ಟ: ಇದನ್ನು ‘ಸೇಂಟ್ ಜೇಮ್ಸ್ ಇನ್‌ಫರ್ಮರಿ’ ಎಂಬ ಹಾಡಿನ ಧಾಟಿಯಲ್ಲಿ ಹಾಡಬೇಕು. 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಿಸಿದ್ದ, ಅಮೆರಿಕದ ಬ್ಲೂಸ್ ಎಂಬ ದುಗುಡದ ಹಾಡು ಅದು. ಕಣ್ಣಿನಲ್ಲಿ ಓದಿದರೆ ಕುಣಿಯುವ ಸಾಲುಗಳು ಆ ಧಾಟಿಗೆ ಬಿದ್ದ ಕೂಡಲೇ ಹೆಜ್ಜೆ ಎಳೆಯತೊಡಗುತ್ತವೆ. ಹೆಣದ ಹಿಂದೆ ನಡೆಯುವವರ ನಡಿಗೆ ಅದಕ್ಕೆ. ಆ ಹಾಡಿನ ಕಥೆ ಇಷ್ಟು: ಒಬ್ಬ ಗಂಡಸು ಆಸ್ಪತ್ರೆಗೆ ಹೋಗುತ್ತಾನೆ, ಅಲ್ಲಿ ಉದ್ದನೆಯ ಬಿಳಿ ಮೇಜಿನ ಮೇಲೆ ತಣ್ಣಗಾಗಿ ಮಲಗಿರುವ ತನ್ನವಳನ್ನು ಕಾಣುತ್ತಾನೆ.

ಅದೇ ಮೇಜು, ಅದೇ ರಾಗ. ‘ಮಿಸ್ ಗೀ’ಯಲ್ಲಿ ಆ ಗಂಡಸು ಇಲ್ಲ, ಅಷ್ಟೆ. ಅಳುವವನ ಜಾಗವನ್ನು ಖಾಲಿ ಬಿಟ್ಟು ಅಳುವ ರಾಗವನ್ನು ಉಳಿಸಿಕೊಂಡಿದ್ದಾನೆ ಕವಿ, ಹಾಡಲು ನಿಂತವರು ಬೇಕೋ ಬೇಡವೋ ಆ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಆರನೆಯ ಪದ್ಯದಿಂದ ಹಾಡಿ ನೋಡಬಹುದು. ಮಿಸ್ ಗೀ ನಕ್ಷತ್ರಗಳತ್ತ ಮುಖವೆತ್ತಿ, ಕ್ಲೀವ್ಡನ್ ಟೆರೇಸಿನಲ್ಲಿ ವರ್ಷಕ್ಕೆ ನೂರು ಪೌಂಡಿನಲ್ಲಿ ನಾನು ಬದುಕುತ್ತಿದ್ದೇನೆ ಎನ್ನುವುದು ಯಾರಿಗಾದರೂ ಮುಖ್ಯವೇ ಎಂದು ಕೇಳುತ್ತಾಳೆ. ಆ ಪ್ರಶ್ನೆಯ ಕೊನೆಗೆ ಧಾಟಿ ಕೆಳಗಿಳಿದು ನಿಲ್ಲುತ್ತದೆ, ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ. ಮತ್ತೆ ಶುರುವಾಗುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿರುತ್ತದೆ, ಪಾದ್ರಿ ಬಂದು ಮಹಾರಾಣಿಯ ಮುಂದೆ ಬಾಗಿ ನಿಂತಿರುತ್ತಾನೆ.